ನೀವು ಕೇಳಿದಿರಿ: ದಶಮಭಾಗ, ತವರಿನ ಪಾಲು, ಮಾತ್ರೆ, ಪ್ರಸಾದ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ದುಡ್ಡು, ಮನೆ, ಆರೋಗ್ಯ ಕುರಿತವು. ಉತ್ತರದಲ್ಲಿ ಅಧ್ಯಾಯ, ವಚನಗಳ ಸಂಖ್ಯೆ ಕೊಟ್ಟಿದ್ದೇವೆ. ಸತ್ಯವೇದವನ್ನು, ಅಂದರೆ ಬೈಬಲನ್ನು, ಪಕ್ಕದಲ್ಲಿಟ್ಟುಕೊಂಡು, ಆ ವಚನದ ಹಿಂದುಮುಂದಿನದನ್ನೂ ಸೇರಿಸಿ ಓದಿ. ಒಂದೇ ವಚನವನ್ನು ಕಿತ್ತು ತಂದು ಹೆದರಿಸುವವರಿಂದಲೇ ಈ ಪ್ರಶ್ನೆಗಳಲ್ಲಿ ಅರ್ಧದಷ್ಟು ಹುಟ್ಟಿವೆ.

ಕೈಗೆ ಬರುವ ಸಂಬಳ 32,000 ರೂಪಾಯಿ. ಮನೆ ಸಾಲದ ಕಂತು 9,500, ಅಪ್ಪ ಅಮ್ಮನ ಔಷಧಿಗೆ 4,000. ಪಿ.ಎಫ್. ಕಡಿತಕ್ಕೆ ಮುಂಚಿನ ಪೂರ್ತಿ ಸಂಬಳದ ಮೇಲೆ ಶೇ 10 ಕೊಡದಿದ್ದರೆ ಮಲಾಕಿಯ 3ರ ಶಾಪ ತಟ್ಟುತ್ತದೆ ಎಂದು ಒಂದು ಕೂಟದಲ್ಲಿ ಹೇಳಿದರು. ಹೆದರಿ, ಕ್ರೆಡಿಟ್ ಕಾರ್ಡಿನಿಂದ ಹಣ ತೆಗೆದು ಕೊಟ್ಟಿದ್ದೇನೆ. ಮುಂದುವರಿಸಬೇಕೇ?
— ಓದುಗ, ದಾವಣಗೆರೆ

ಬೇಡ, ಈ ತಿಂಗಳೇ ನಿಲ್ಲಿಸಿ. ಕಾರ್ಡಿನಿಂದ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ ಓಡಲು ಶುರು. ಅದು ಸಾಮಾನ್ಯವಾಗಿ ತಿಂಗಳಿಗೆ ಶೇ 3ರ ಆಸುಪಾಸು ಇರುತ್ತದೆ. ಮೊದಲು ಆ ಬಾಕಿ ತೀರಿಸಿ. ಅದು ತೀರುವ ತನಕ ಕಾಣಿಕೆ ತಟ್ಟೆಗೆ ಹತ್ತು ರೂಪಾಯಿ ಹಾಕಿದರೂ ದೇವರ ಮುಂದೆ ನೀವು ಕಳ್ಳರಾಗುವುದಿಲ್ಲ.

ಈಗ ಪ್ರವಾದಿ ಮಲಾಕಿಯನ ಮಾತಿಗೆ ಬರೋಣ. ದಶಮಭಾಗ, ಅಂದರೆ ಹತ್ತನೆಯ ಒಂದು ಪಾಲು, ಕೊಡದವರು ದೇವರಿಂದಲೇ ಕದ್ದು ಶಾಪಕ್ಕೆ ಗುರಿಯಾಗಿದ್ದಾರೆ, ಅದನ್ನು ಪೂರ್ತಿಯಾಗಿ ಉಗ್ರಾಣಕ್ಕೆ ತನ್ನಿ ಎನ್ನುತ್ತಾನೆ. ಅವನು ಹೇಳುವ ಉಗ್ರಾಣ ಯೆರೂಸಲೇಮಿನ ದೇವಾಲಯದ ಉಗ್ರಾಣ. ಅಲ್ಲಿ ಸೇವೆ ಮಾಡುತ್ತಿದ್ದ ಲೇವಿಯರಿಗೆ ಸ್ವಂತ ಹೊಲದ ಪಾಲಿರಲಿಲ್ಲ, ಜನರು ತಂದುಕೊಟ್ಟ ಧಾನ್ಯವೇ ಅವರ ಜೀವನ. ಅದು ನಿಂತಾಗ ಅವರು ದೇವಾಲಯದ ಕೆಲಸ ಬಿಟ್ಟು ಹೊಲಗಳಿಗೆ ಹೋದರೆಂದು ನೆಹೆಮೀಯ 13:10 ಹೇಳುತ್ತದೆ. ಇನ್ನು ಧರ್ಮೋಪದೇಶಕಾಂಡ 14:22-29 ಓದಿ. ಅಲ್ಲಿ ದಶಮಭಾಗವನ್ನು ತಂದ ಕುಟುಂಬವೇ ದೇವರ ಸನ್ನಿಧಿಯಲ್ಲಿ ಅದನ್ನು ಊಟ ಮಾಡಿ ಸಂತೋಷಪಡಬೇಕು. ಮೂರನೆಯ ವರ್ಷದ ಕೊನೆಗೆ ಲೇವಿಯರಿಗೂ ಪರದೇಶಿಗೂ ಅನಾಥರಿಗೂ ವಿಧವೆಯರಿಗೂ ಅದನ್ನು ಬಿಟ್ಟುಕೊಡಬೇಕು. ಶಾಪದ ವಚನವನ್ನು ಜೋರಾಗಿ ಓದುವವರು ಈ ಭಾಗವನ್ನು ಓದುವುದು ಅಪರೂಪ.

ಹೊಸ ಒಡಂಬಡಿಕೆಯ ಸಭೆಗಳಿಗೆ ಪೌಲನು ಶೇಕಡಾ ಲೆಕ್ಕ ಕೊಡಲಿಲ್ಲ. ಅವನು ಕೊಟ್ಟದ್ದು ಪದ್ಧತಿ: ವಾರದ ಮೊದಲನೆಯ ದಿನ, ಅವರವರ ಸಂಪಾದನೆಗೆ ತಕ್ಕಂತೆ ತೆಗೆದಿಡಿ (1 ಕೊರಿಂಥ 16:2), ಇಲ್ಲದ್ದನ್ನು ಯಾರೂ ಕೇಳುವುದಿಲ್ಲ, ಇದ್ದದ್ದರಲ್ಲಿ ಕೊಡಿ (2 ಕೊರಿಂಥ 8:12), ದುಃಖದಿಂದಲಾಗಲಿ ಬಲವಂತದಿಂದಲಾಗಲಿ ಬೇಡ (2 ಕೊರಿಂಥ 9:7). ಹತ್ತನೆಯ ಒಂದು ಪಾಲು ಒಳ್ಳೆಯ ಅಳತೆ, ನಾವೂ ಅದನ್ನೇ ಗುರಿಯಾಗಿ ಹೇಳುತ್ತೇವೆ. ಆದರೆ ಅದು ದಂಡವಲ್ಲ, ಬಂಡವಾಳವೂ ಅಲ್ಲ. ಹತ್ತು ಕೊಟ್ಟರೆ ನೂರು ವಾಪಸು ಬರುತ್ತದೆ ಎಂಬ ಲೆಕ್ಕದಲ್ಲಿ ಕೊಟ್ಟರೆ ಅದಕ್ಕೆ ವ್ಯಾಪಾರ ಎನ್ನುತ್ತಾರೆ, ಕಾಣಿಕೆ ಎನ್ನುವುದಿಲ್ಲ.

ನಿಮ್ಮ ಲೆಕ್ಕ ಹೀಗಿರಲಿ. ಕಂತು, ಔಷಧಿ ಕಳೆದು ಉಳಿಯುವುದು 18,500. ಕಾರ್ಡಿನ ಬಾಕಿ ತೀರಿದ ತಿಂಗಳಿನಿಂದ ಕೈಗೆ ಬಂದ ಸಂಬಳದ ಶೇ 3, ಅಂದರೆ 960 ರೂಪಾಯಿಯನ್ನು ಸಂಬಳ ಬಂದ ದಿನವೇ ಬೇರೆ ಕವರಿಗೆ ಹಾಕಿ. 600 ಸಭೆಗೆ, 360 ಕಣ್ಣೆದುರಿನ ಕಷ್ಟದಲ್ಲಿರುವವರಿಗೆ. ಪ್ರತಿ ಬಾರಿ ಸಂಬಳ ಹೆಚ್ಚಿದಾಗ ಶೇಕಡಾ ಒಂದು ಏರಿಸಿ. ಸಾಲ ಮುಗಿದಾಗ 3,200ಕ್ಕೆ, ಅಂದರೆ ಈಗಿನ ಸಂಬಳದ ಹತ್ತನೆಯ ಒಂದು ಪಾಲಿಗೆ, ಬರುವುದು ಕಷ್ಟವಾಗದು. ಸಾಧಾರಣವಾಗಿ ಎಡವುವುದು ಎರಡು ಕಡೆ. ತಿಂಗಳ ಕೊನೆಗೆ ಉಳಿದದ್ದನ್ನು ಕೊಡೋಣ ಎಂದುಕೊಂಡರೆ ಉಳಿಯುವುದೇ ಇಲ್ಲ. ಹಾಡು, ಕಣ್ಣೀರಿನ ನಡುವೆ ಮೊತ್ತ ಬರೆದುಕೊಟ್ಟರೆ ಮಾರನೆಯ ದಿನ ಅದು ಸಾಲವಾಗಿ ಕೂರುತ್ತದೆ.

ಅಪ್ಪ ಅಮ್ಮನ ಔಷಧಿಯ 4,000ಕ್ಕೆ ಯಾವ ಕಾರಣಕ್ಕೂ ಕೈಹಾಕಬೇಡಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಗದರಿಸಿದ್ದು ಮಾರ್ಕ 7:11-13ರಲ್ಲಿದೆ. ಇನ್ನೊಂದು ಮಾತು. ಕೊಡುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ರಸೀದಿ, ಇಬ್ಬರು ಒಟ್ಟಿಗೆ ಕೂತು ಎಣಿಸುವ ರೂಢಿ, ವರ್ಷಕ್ಕೊಮ್ಮೆ ಸಭೆಯ ಮುಂದೆ ಆಯವ್ಯಯ — ಇವು ಮೂರೂ ಇಲ್ಲದ ಕಡೆ ದೊಡ್ಡ ಮೊತ್ತ ಕೊಡಬೇಡಿ. ಹಣ ಒಯ್ಯುವಾಗ ಅಪವಾದ ಬರಬಾರದೆಂದು ಪೌಲನೇ ಜೊತೆಗೆ ಬೇರೆಯವರನ್ನು ಕಳುಹಿಸಿದ (2 ಕೊರಿಂಥ 8:18-21).

ತಂದೆ ಉಯಿಲು ಬರೆಯದೆ ತೀರಿಕೊಂಡರು. ತಾಯಿ, ಇಬ್ಬರು ಅಣ್ಣಂದಿರು ಮತ್ತು ನಾನು. ನಿನ್ನ ಮದುವೆಗೆ ಖರ್ಚು ಮಾಡಿದ್ದಾಗಿದೆ, ಕ್ರೈಸ್ತಳಾದವಳು ಕ್ಷಮಿಸಿ ಬಿಟ್ಟುಕೊಡಬೇಕು ಎಂದು ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಸಹಿ ಹಾಕದಿದ್ದರೆ ಪಾಪವೇ?
— ಹೆಸರು ಬೇಡ, ಚಿಕ್ಕಮಗಳೂರು

ಪಾಪವಲ್ಲ, ತಂಗಿ. ನೀವು ಇನ್ನೂ ಕ್ಷಮಿಸಿಲ್ಲ ಎಂಬುದಕ್ಕೆ ಅದು ಗುರುತೂ ಅಲ್ಲ. ನಿಮ್ಮ ಅಣ್ಣಂದಿರು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ.

ಮೊದಲು ಕಾನೂನು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದಿದ್ದರೆ, ತೀರಿಕೊಂಡವರ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಹೆಂಡತಿಗೆ, ಮಿಕ್ಕ ಎರಡು ಪಾಲು ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣೆಂಬ ಭೇದವಿಲ್ಲ. ಆಸ್ತಿಯ ಬೆಲೆ 90 ಲಕ್ಷ ಎಂದಿಟ್ಟುಕೊಳ್ಳಿ: ತಾಯಿಗೆ 30 ಲಕ್ಷ, ಮೂವರು ಮಕ್ಕಳಿಗೆ ತಲಾ 20 ಲಕ್ಷ. ತಂದೆ ಬದುಕಿದ್ದಾಗ ಮಗಳ ಮದುವೆಗೆ ಮಾಡಿದ ಖರ್ಚನ್ನು ಅವಳ ಪಾಲಿನಿಂದ ಕಳೆಯಲು ಈ ಕಾಯ್ದೆಯಲ್ಲಿ ಅವಕಾಶವಿಲ್ಲ. ಹೆಣ್ಣುಮಕ್ಕಳು ಪಾಲು ಕೇಳುವುದು ಸತ್ಯವೇದಕ್ಕೆ ಹೊಸದೇನೂ ಅಲ್ಲ. ಅರಣ್ಯಕಾಂಡ 27ರಲ್ಲಿ ಐವರು ಅಕ್ಕತಂಗಿಯರು ಮೋಶೆಯ ಮುಂದೆ, ಇಡೀ ಸಮೂಹದ ಎದುರಿಗೆ ನಿಂತು ತಂದೆಯ ಪಾಲು ಕೇಳಿದರು. ಅವರಿಗೆ ಗಂಡು ಒಡಹುಟ್ಟಿದವರಿರಲಿಲ್ಲ ನಿಜ; ಆದರೂ ಅವರು ಕೇಳಿದ್ದು ನ್ಯಾಯ ಎಂದು ದೇವರು ತೀರ್ಪು ಕೊಟ್ಟ.

ಇನ್ನು ಕ್ಷಮೆ. ಸೇಡು ಬಿಡುವುದು, ಕೆಡಕು ಬಯಸದಿರುವುದು, ಅವರಿಗಾಗಿ ಪ್ರಾರ್ಥಿಸುವುದು — ಇಷ್ಟನ್ನು ನೀವೊಬ್ಬರೇ, ಇವತ್ತೇ ಮಾಡಬಹುದು. ಸಂಬಂಧ ಮತ್ತೆ ಕೂಡಿಬರಲು ಇಬ್ಬರೂ ಬೇಕು, ತಪ್ಪು ಮಾಡಿದವರು ತಪ್ಪೆಂದು ಒಪ್ಪಬೇಕು. ಲೂಕ 17:3ರಲ್ಲಿ ಯೇಸು ಗದರಿಸು ಎನ್ನುವುದನ್ನೂ ಕ್ಷಮಿಸು ಎನ್ನುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಅಣ್ಣಂದಿರು 1 ಕೊರಿಂಥ 6:7 ತೋರಿಸಬಹುದು. ಅನ್ಯಾಯವನ್ನು ಯಾಕೆ ಸಹಿಸಬಾರದು ಎಂದು ಪೌಲ ಅಲ್ಲಿ ಕೇಳುತ್ತಾನೆ. ಅದರ ಕೆಳಗಿನ ವಚನವನ್ನೂ ಅವರಿಂದಲೇ ಓದಿಸಿ: ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸ್ವಂತ ಸಹೋದರರಿಗೆ ಎಂದಿದೆ. ಬಿಟ್ಟುಕೊಡುವುದು ಕಳೆದುಕೊಳ್ಳುವವರು ಸ್ವಂತ ಮನಸ್ಸಿನಿಂದ ಕೊಡುವ ದಾನ. ಲಾಭ ಪಡೆಯುವವರು ಅದನ್ನು ಆಜ್ಞೆಯಾಗಿ ಹೇರುವಂತಿಲ್ಲ.

ಮಾಡಬೇಕಾದದ್ದು ಇಷ್ಟು. ಜ್ಞಾಪಕಾರ್ಥದ ಊಟ, ಹಬ್ಬ, ತಾಯಿಯ ಕಾಯಿಲೆ — ಇಂಥ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಮೇಲೆ ಅದನ್ನು ರದ್ದುಪಡಿಸಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಮತ್ತಾಯ 18:15-17ರ ಕ್ರಮ ಹಿಡಿಯಿರಿ: ಮೊದಲು ನೀವೊಬ್ಬರೇ ಅಣ್ಣಂದಿರ ಜೊತೆ ಮಾತಾಡಿ, ಕೇಳದಿದ್ದರೆ ಎರಡೂ ಕಡೆಯವರು ಗೌರವಿಸುವ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಡಿದ ಮಾತನ್ನು ಬರೆದಿಡಿ, ಆಮೇಲೆ ಅಯ್ಯನವರು (ಪಾಸ್ಟರ್) ಮತ್ತು ಸಭೆಯ ಹಿರಿಯರ ಮುಂದೆ ಇಡಿ. ಅಷ್ಟರೊಳಗೆ ಒಬ್ಬ ವಕೀಲರಿಗೆ ಕಾಗದಪತ್ರ ತೋರಿಸಿ. ಎಲ್ಲ ತಿಳಿದ ಮೇಲೂ ಪಾಲನ್ನು ಅಣ್ಣಂದಿರಿಗೋ ತಾಯಿಗೋ ಬಿಡಬೇಕೆನಿಸಿದರೆ ಧಾರಾಳವಾಗಿ ಬಿಡಿ, ಆಗ ಅದು ನಿಮ್ಮ ಕೊಡುಗೆ.

ಇದೇ ಧಾಟಿಯ ಇನ್ನೊಂದು ಪತ್ರದಲ್ಲಿ, ಹೊಡೆಯುವ ಗಂಡನನ್ನು ಕ್ಷಮಿಸಿ ಮನೆಗೆ ವಾಪಸು ಹೋಗಬೇಕೇ ಎಂದು ಕೇಳಿದ್ದಾರೆ. ಜೀವಕ್ಕೆ ಅಪಾಯವಿರುವಲ್ಲಿಗೆ ಹೋಗಬೇಡಿ. ಮಹಿಳಾ ಸಹಾಯವಾಣಿ 181ಕ್ಕೂ ತುರ್ತು ಇದ್ದರೆ 112ಕ್ಕೂ ಕರೆ ಮಾಡಿ. ಕ್ಷಮೆಯ ಮಾತು ಸುರಕ್ಷಿತ ಜಾಗ ಸೇರಿದ ಮೇಲೆ.

ಗುಣವಾಗಿದೆ ಎಂದು ನಂಬಿದವರು ಮಾತ್ರೆ ನುಂಗಬಾರದು ಎಂದು ಹೇಳಿದ್ದಕ್ಕೆ ನಮ್ಮ ಅತ್ತೆ ಸಕ್ಕರೆ ಕಾಯಿಲೆಯ ಔಷಧಿ ಬಿಟ್ಟಿದ್ದಾರೆ. ಏನು ಹೇಳಲಿ?
— ಓದುಗಳು, ಕೋಲಾರ

ಇವತ್ತೇ ರಕ್ತ ಪರೀಕ್ಷೆ ಮಾಡಿಸಿ, ಅವರು ನೋಡಿಸಿಕೊಳ್ಳುವ ವೈದ್ಯರಿಗೆ ತೋರಿಸಿ. ಸಕ್ಕರೆ ಏರಿದಾಗ ನೋವೇ ಇರುವುದಿಲ್ಲ, ಆದ್ದರಿಂದ ಗುಣವಾಗಿದೆ ಎಂಬ ಭ್ರಮೆ ಸುಲಭ. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರ ಕೆಡುತ್ತಿರುತ್ತವೆ. ಇನ್ಸುಲಿನ್ ಮೇಲೆಯೇ ಇರುವವರು ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರಬಹುದು. ಕ್ಷಯಕ್ಕೆ ಕೊಡುವ ಆರು ತಿಂಗಳ ಔಷಧಿಯನ್ನು ನಡುವೆ ಬಿಟ್ಟರೆ ಮುಂದೆ ಔಷಧಿಗೆ ಬಗ್ಗದ ಕ್ಷಯವಾಗಿ ಮರಳಬಹುದು, ಮನೆಯವರಿಗೂ ಹರಡಬಹುದು.

ಅತ್ತೆಯವರಿಗೆ ವಾದ ಬೇಡ, ವಚನ ತೋರಿಸಿ. ಅರಸ ಹಿಜ್ಕೀಯನಿಗೆ ಹದಿನೈದು ವರ್ಷ ಆಯುಸ್ಸು ಕೂಡಿಸುತ್ತೇನೆಂದು ದೇವರು ಮಾತುಕೊಟ್ಟ ಮೇಲೂ ಪ್ರವಾದಿ ಯೆಶಾಯ ಅವನ ಹುಣ್ಣಿಗೆ ಅಂಜೂರದ ಲೇಪ ಹಚ್ಚಿಸಿದ (ಯೆಶಾಯ 38:5, 21). ಲೂಕನು ವೈದ್ಯ (ಕೊಲೊಸ್ಸೆ 4:14). ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಮದ್ದಿನ ಸಲಹೆ ಕೊಟ್ಟ (1 ತಿಮೊಥೆ 5:23). ರೋಗಿಗಳನ್ನು ಗುಣಪಡಿಸಿದ ಅದೇ ಪೌಲ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬರಬೇಕಾಯಿತು (2 ತಿಮೊಥೆ 4:20), ಅವನ ನಂಬಿಕೆ ಸಾಲದೆಂದು ಎಲ್ಲೂ ಬರೆಯಲಿಲ್ಲ. ಯಾಕೋಬ 5:14ರಂತೆ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ಮಾತ್ರೆಯೂ ಹೊತ್ತಿಗೆ ಸರಿಯಾಗಿ ಹೋಗಲಿ. ಔಷಧಿ ದೇವರಿಗೆ ಎದುರಾಳಿ ಎಂದು ಹಿರಿಯ ಕ್ರೈಸ್ತರು ಎಣಿಸಿದ್ದರೆ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಸಂಸ್ಥೆಯಾಗಲಿ, 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಾಗಲಿ ಹುಟ್ಟುತ್ತಲೇ ಇರಲಿಲ್ಲ. ನಿಜವಾಗಿ ಗುಣವಾಗಿದ್ದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯನ್ನು ವೈದ್ಯರೇ ಕಡಿಮೆ ಮಾಡುತ್ತಾರೆ.

ಮನಸ್ಸಿನಲ್ಲಿ ಕೋಪ ಇರುವುದರಿಂದ ನಾನು ಬಹಳ ಕಾಲದಿಂದ, ಆಲಯದಲ್ಲಿ ರೊಟ್ಟಿ, ಪಾನಪಾತ್ರೆ ಹಂಚುವ ಕರ್ತನ ಭೋಜನಕ್ಕೆ ಎದ್ದು ಹೋಗುತ್ತಿಲ್ಲ. ಅಯೋಗ್ಯವಾಗಿ ತೆಗೆದುಕೊಂಡರೆ ದಂಡನೆ ಎಂದಿದೆಯಲ್ಲ?
— ಓದುಗ, ಗದಗ-ಬೆಟಗೇರಿ

1 ಕೊರಿಂಥ 11:27ರಿಂದ ಓದಿದರೆ ಹೆದರಿಕೆ ಹುಟ್ಟುತ್ತದೆ. 20ರಿಂದ ಓದಿ. ಕೊರಿಂಥದಲ್ಲಿ ಉಳ್ಳವರು ಮುಂಚೆಯೇ ಬಂದು ಉಂಡು ಅಮಲೇರಿಸಿಕೊಳ್ಳುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ಒಂದೇ ಮೇಜಿನಲ್ಲಿ ಬಡವರನ್ನು ಅವಮಾನಿಸಿದ ಆ ನಡತೆಯೇ ಅಲ್ಲಿಯ ಅಯೋಗ್ಯತನ. 28ನೆಯ ವಚನ ಪರೀಕ್ಷಿಸಿಕೊಂಡು ದೂರ ಉಳಿಯಿರಿ ಎನ್ನುವುದಿಲ್ಲ, ಪರೀಕ್ಷಿಸಿಕೊಂಡು ತಿನ್ನಿರಿ, ಕುಡಿಯಿರಿ ಎನ್ನುತ್ತದೆ. ಯೋಗ್ಯರಿಗೆ ಮಾತ್ರ ಎಂದಿದ್ದರೆ ಆ ಮೇಜು ಖಾಲಿ ಇರುತ್ತಿತ್ತು. ಮೊದಲ ಭೋಜನದಲ್ಲಿ ಕೂತಿದ್ದ ಪೇತ್ರ ಅದೇ ರಾತ್ರಿ ಮೂರು ಸಲ ಕರ್ತನನ್ನು ಅರಿಯೆನೆಂದ.

ಹಾಗೆಂದು ಕೋಪವನ್ನು ಜೊತೆಗಿಟ್ಟುಕೊಂಡೇ ಹೋಗಿ ಎಂದಲ್ಲ. ಭೋಜನದ ಭಾನುವಾರ ಮೊದಲೇ ಗೊತ್ತಿರುತ್ತದೆ. ಗುರುವಾರವೇ ಕೂತು ಯಾರ ಮೇಲೆ, ಯಾತಕ್ಕೆ ಎಂದು ಚೀಟಿಯಲ್ಲಿ ಬರೆಯಿರಿ. ತಪ್ಪು ನಿಮ್ಮದಿದ್ದರೆ ಶನಿವಾರದೊಳಗೆ ಫೋನ್ ಮಾಡಿ ಇಲ್ಲವೇ ಮನೆಗೆ ಹೋಗಿ, "ನನ್ನದು ತಪ್ಪಾಯಿತು" ಎನ್ನಿ. "ನಿಮಗೆ ಬೇಜಾರಾಗಿದ್ದರೆ" ಎಂಬ ಬಾಲ ಸೇರಿಸಬೇಡಿ. ಮತ್ತಾಯ 5:23-24 ಹೇಳುವುದು ಇದನ್ನೇ. ತಪ್ಪು ಅವರದಾಗಿ, ಅವರು ಮಾತಿಗೆ ಸಿಗದಿದ್ದರೆ ನಿಮ್ಮ ಕಡೆಯಿಂದ ಆಗುವಷ್ಟು ಮಾಡಿದಂತಾಯಿತು (ರೋಮಾ 12:18). ಆಮೇಲೆ ಎದ್ದು ಹೋಗಿ ರೊಟ್ಟಿ, ಪಾನಪಾತ್ರೆ ತೆಗೆದುಕೊಳ್ಳಿ.

ಪಕ್ಕದ ಮನೆಯವರು ಹಬ್ಬದ ದಿನ ತಿಂಡಿ ಕಳುಹಿಸುತ್ತಾರೆ. ತಿನ್ನಬಹುದೇ? ಕಾರ್ಖಾನೆಯಲ್ಲಿ ಆಯುಧ ಪೂಜೆ ದಿನ ಏನು ಮಾಡಲಿ?
— ಓದುಗ, ಭದ್ರಾವತಿ

ಇಂಥದ್ದೇ ಪ್ರಶ್ನೆಗೆ ಪೌಲ 1 ಕೊರಿಂಥ 8ರಿಂದ 10ರವರೆಗೆ ಮೂರು ಅಧ್ಯಾಯ ಕೊಟ್ಟಿದ್ದಾನೆ. ತಿರುಳು ಹೀಗಿದೆ: ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ (10:27). ಇದು ನೈವೇದ್ಯ ಮಾಡಿದ್ದು ಎಂದು ಯಾರಾದರೂ ತಿಳಿಸಿದರೆ, ತಿಳಿಸಿದವರ ಮನಸ್ಸಾಕ್ಷಿಯ ಸಲುವಾಗಿ ಬಿಡಿ (10:28). ಆರಾಧನೆಯಲ್ಲೇ ಪಾಲುಗೊಳ್ಳುವುದು ಮಾತ್ರ ಬೇರೆ ವಿಷಯ (10:21). ಹಾಗಾಗಿ ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಹೋಳಿಗೆಯನ್ನು ಸ್ನೇಹದಿಂದ ತೆಗೆದುಕೊಳ್ಳಿ, ಕ್ರಿಸ್ಮಸ್‌ಗೆ ಕೇಕು, ಚಕ್ಕುಲಿ, ಕಲ್ಕಲ್ ತಟ್ಟೆ ತುಂಬಿ ಕಳುಹಿಸಿ. ದೇವಸ್ಥಾನದ ಪ್ರಸಾದ ಎಂದು ಹೇಳಿಯೇ ಕೊಟ್ಟರೆ ಕೆಲವರು ತಿನ್ನುತ್ತಾರೆ, ಕೆಲವರು ನಯವಾಗಿ ಬೇಡ ಎನ್ನುತ್ತಾರೆ. ನಮ್ಮ ಸಲಹೆ ಎರಡನೆಯದು. ಹೇಗೆ ಮಾಡಿದರೂ ಮುಖ ಸಿಂಡರಿಸುವುದು, ಹಿಂದಿನಿಂದ ಕಸಕ್ಕೆ ಎಸೆಯುವುದು ಕೂಡದು. ತಿನ್ನುವವರು ತಿನ್ನದವರನ್ನು ಹೀಯಾಳಿಸಬಾರದು, ತಿನ್ನದವರು ತಿನ್ನುವವರಿಗೆ ತೀರ್ಪು ಕೊಡಬಾರದು (ರೋಮಾ 14:3). ನಮ್ಮ ಸಭೆಗಳಲ್ಲಿ ಹೆಚ್ಚು ಮುರಿಯುವುದು ಈ ವಚನವೇ.

ಕಾರ್ಖಾನೆಯಲ್ಲಿ ಯಂತ್ರ ಒರೆಸಿ, ಎಣ್ಣೆ ಬಿಟ್ಟು, ನೆಲ ತೊಳೆಯುವ ಕೆಲಸದಲ್ಲಿ ಎಲ್ಲರಿಗಿಂತ ಮುಂದಿರಿ. ಆರತಿ ಹಿಡಿಯಲು ಕರೆಯಬಹುದೆನಿಸಿದರೆ, "ನಮ್ಮಲ್ಲಿ ಪದ್ಧತಿ ಇಲ್ಲ, ನೀವು ಮಾಡಿ, ನಾನು ಇಲ್ಲೇ ಇರುತ್ತೇನೆ" ಎಂದು ವಾರದ ಮುಂಚೆಯೇ ಮೇಲ್ವಿಚಾರಕರಿಗೆ ತಿಳಿಸಿ. ಆ ಗಳಿಗೆಯಲ್ಲಿ ಎಲ್ಲರೆದುರು ನಿರಾಕರಿಸಿದಾಗಲೇ ಜಗಳವಾಗುವುದು.

ಮಗನ ಮದುವೆಗೆ ರಾಹುಕಾಲ ಬಿಟ್ಟು ಹೊತ್ತು ಇಡಬೇಕೆಂದು ನಮ್ಮವರೇ ಹೇಳುತ್ತಾರೆ. ದೀಕ್ಷಾಸ್ನಾನ ಆದವರು!
— ಓದುಗ, ಕೊಳ್ಳೇಗಾಲ

ಗಲಾತ್ಯ 4:10-11 ಓದಿಸಿ. ದಿನ, ತಿಂಗಳು, ಕಾಲಗಳನ್ನು ಆಚರಿಸುವವರಿಗಾಗಿ ತಾನು ಪಟ್ಟ ಶ್ರಮ ವ್ಯರ್ಥವಾಯಿತೇನೋ ಎಂದು ಪೌಲ ಅಲ್ಲಿ ಹೆದರುತ್ತಾನೆ. ಆಲಯ ಖಾಲಿ ಇದೆಯೇ, ಅಯ್ಯನವರಿಗೆ ಬಿಡುವಿದೆಯೇ, ದೂರದ ನೆಂಟರಿಗೆ ಬಸ್ಸು ಸಿಗುತ್ತದೆಯೇ — ಹೊತ್ತು ಗೊತ್ತುಮಾಡಲು ಈ ಮೂರು ಸಾಕು.

ಕಾಲೇಜು ಓದುವ ಮಗಳು ಕೇಳುತ್ತಾಳೆ: ಕ್ರೈಸ್ತರಲ್ಲೇ ಇಷ್ಟು ಪಂಗಡ, ಯಾವುದನ್ನು ನಂಬಲೇಬೇಕು, ಯಾವುದು ಬಿಟ್ಟರೂ ನಡೆಯುತ್ತದೆ?
— ಓದುಗಳು, ಧಾರವಾಡ

ಆರಾಧನೆಯಲ್ಲಿ ಹೇಳುವ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು ಅವಳ ಮುಂದಿಡಿ. ಅದನ್ನು ಅಪೊಸ್ತಲರೇ ಕೂತು ಬರೆದದ್ದಲ್ಲ. ದೀಕ್ಷಾಸ್ನಾನದ ನೀರಿನಲ್ಲಿ ನಿಂತವರಿಗೆ ತಂದೆಯನ್ನು ನಂಬುತ್ತೀಯಾ, ಮಗನನ್ನು ನಂಬುತ್ತೀಯಾ, ಪವಿತ್ರಾತ್ಮನನ್ನು ನಂಬುತ್ತೀಯಾ ಎಂದು ಆದಿಸಭೆ ಕೇಳುತ್ತಿದ್ದ ಮೂರು ಪ್ರಶ್ನೆಗಳಿಂದ ಬೆಳೆದದ್ದು. ಮಗನು ತಂದೆಗಿಂತ ಕೆಳಗಿನವನು, ಸೃಷ್ಟಿಯಾದವನು ಎಂದು ಬೋಧಿಸಿದ ಅರಿಯ ಎಂಬವನ ವಾದಕ್ಕೆ ಉತ್ತರವಾಗಿ 325ರಲ್ಲಿ ನೈಸಿಯದಲ್ಲಿ ಸೇರಿದ ಸಭಾಧ್ಯಕ್ಷರು (ಬಿಷಪ್ಪರು) ಇನ್ನೊಂದು ವಿಶ್ವಾಸ ಪ್ರಮಾಣವನ್ನು ರಚಿಸಿದರು. ಅದರಲ್ಲಿ ಈಗ ನಾವು ಹೇಳುವ ರೂಪ 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದ್ದು. ಇವಕ್ಕಿಂತ ಹಳೆಯ ಸಾರಾಂಶ 1 ಕೊರಿಂಥ 15:3-8ರಲ್ಲಿದೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದನು, ಇಂಥಿಂಥವರಿಗೆ ಕಾಣಿಸಿಕೊಂಡನು.

ವಿಶ್ವಾಸ ಪ್ರಮಾಣದಲ್ಲಿ ಏನಿಲ್ಲ ಎಂದು ಹುಡುಕಲು ಹೇಳಿ, ಅವಳ ಪ್ರಶ್ನೆಗೆ ಅದೇ ಸುಲಭದ ದಾರಿ. ಶಿಶುಗಳಿಗೆ ದೀಕ್ಷಾಸ್ನಾನವೋ ಬೆಳೆದವರಿಗೋ, ಮುಳುಗಿಸುವುದೋ ಚಿಮುಕಿಸುವುದೋ, ಅಂತ್ಯಕಾಲದ ವೇಳಾಪಟ್ಟಿ, ಒಡವೆ ಹಾಕಬಹುದೇ, ಆರಾಧನೆಯಲ್ಲಿ ತಬಲಾವೋ ಗಿಟಾರೋ — ಒಂದೂ ಅದರಲ್ಲಿಲ್ಲ. ಇವುಗಳ ಬಗ್ಗೆ ಅಭಿಪ್ರಾಯ ಬೇಡವೆಂದಲ್ಲ, ಇವುಗಳಿಗಾಗಿ ಒಬ್ಬರನ್ನು ಕ್ರೈಸ್ತರೇ ಅಲ್ಲ ಎನ್ನಬಾರದು. ಇರುವವು ಮಾತ್ರ ದಿನದ ಬಾಳಿಗೆ ನೇರವಾಗಿ ಇಳಿಯುತ್ತವೆ. ದೇವರು ಭೂಮಿಯನ್ನು ಉಂಟುಮಾಡಿದನೆಂದು ನಂಬುವವರು ಕೆರೆಗೆ ಕಸ ಸುರಿಯುವಂತಿಲ್ಲ. ಪಾಪಕ್ಷಮೆ ಉಂಟೆಂದು ಹೇಳಿ ಹಳೆಯ ತಪ್ಪನ್ನು ಸೊಸೆಗೆ ದಿನಾ ನೆನಪಿಸುವಂತಿಲ್ಲ. ದೇಹವು ಎದ್ದುಬರುವುದೆಂದು ನಂಬಿದ ಮೇಲೆ ಹಾಸಿಗೆ ಹಿಡಿದ ತಾಯಿಯ ಮೈ ಒರೆಸುವುದು ಕೀಳು ಕೆಲಸವಲ್ಲ.

ಪ್ರತಿ ಜನವರಿಯಲ್ಲಿ ಇಡೀ ಸತ್ಯವೇದ ಓದಲು ಆರಂಭಿಸಿ ಮಾರ್ಚಿನೊಳಗೆ ಬಿಡುತ್ತೇನೆ. ಪ್ರಾರ್ಥನೆಗೆ ಕೂತರೆ ಮನಸ್ಸು ಓಡುತ್ತದೆ.
— ಓದುಗ, ಬೆಂಗಳೂರು

ನೀವು ನಿಲ್ಲಿಸುವುದು ಬಹುಶಃ ವಿಮೋಚನಕಾಂಡ 25ರಿಂದ ಯಾಜಕಕಾಂಡದ ನಡುವೆ. ಗುಡಾರದ ಅಳತೆ, ಬಲಿಗಳ ವಿಧಿ ಅಲ್ಲೇ ಬರುವುದು. ಬಹಳ ಜನ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ, ವರ್ಷಕ್ಕೆ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಕು. ಎರಡು ದಿನ ತಪ್ಪಿದರೆ ಬಾಕಿ ಏರಿ, ಅಪರಾಧಿ ಭಾವ ಬಂದು, ಪುಸ್ತಕವೇ ಮುಚ್ಚುತ್ತದೆ. ಈ ವರ್ಷ ಹೊಸ ಒಡಂಬಡಿಕೆ ಮಾತ್ರ ಸಾಕು. ಅದರಲ್ಲಿ 260 ಅಧ್ಯಾಯ; ವಾರಕ್ಕೆ ಐದು ದಿನ, ದಿನಕ್ಕೊಂದರಂತೆ 52 ವಾರ. ತಪ್ಪಿದ್ದನ್ನು ಶನಿವಾರ, ಭಾನುವಾರ ತುಂಬಿಸಿಕೊಳ್ಳಬಹುದು. 16 ಅಧ್ಯಾಯದ ಮಾರ್ಕನಿಂದ ಹಿಡಿಯಿರಿ, ಆಮೇಲೆ ಬೇಕಾದರೆ ಮತ್ತಾಯನಿಗೆ ಹೋಗಿ.

ಪ್ರಾರ್ಥನೆಗೆ ಹದಿನೈದು ನಿಮಿಷ ಇಡಿ: ಐದು ನಿಮಿಷ ಅಂದಿನ ಅಧ್ಯಾಯ, ಎಂಟು ನಿಮಿಷ ಕರ್ತನ ಪ್ರಾರ್ಥನೆಯ ಒಂದೊಂದೇ ಸಾಲನ್ನು ಹಿಡಿದು ನಿಮ್ಮ ಸ್ವಂತ ಮಾತಿನಲ್ಲಿ, ಎರಡು ನಿಮಿಷ ಸುಮ್ಮನೆ. ಅನುದಿನದ ಆಹಾರದ ಸಾಲಿಗೆ ಬಂದಾಗ ಆಫೀಸು, ಕಂತು ಎಲ್ಲ ಹೇಳಿಕೊಳ್ಳಿ. ತಪ್ಪುಗಳ ಸಾಲಿಗೆ ಬಂದಾಗ ನಿನ್ನೆಯ ಜಗಳದ ಹೆಸರು ಹೇಳಿ. ಮನಸ್ಸು ಎಲ್ಲಿಗೆ ಓಡಿತೋ ಆ ವಿಷಯವನ್ನೇ ಪ್ರಾರ್ಥನೆ ಮಾಡಿಬಿಡಿ. ಜೋರಾಗಿ, ಪಿಸುಮಾತಿನಲ್ಲಾದರೂ ಬಾಯಿಬಿಟ್ಟು ಹೇಳಿದರೆ ಓಟ ಕಡಿಮೆ. ಮೊಬೈಲಿನಲ್ಲಿ ಸತ್ಯವೇದ ಓದುವವರು ಆ ಹದಿನೈದು ನಿಮಿಷ ನೆಟ್ ಆಫ್ ಮಾಡಿ, ಇಲ್ಲವಾದರೆ ವಾಟ್ಸಾಪ್ ಗೆಲ್ಲುತ್ತದೆ. ಮನೆಯವರೆಲ್ಲ ಸೇರಿ ಮಾಡುವ ಕುಟುಂಬ ಪ್ರಾರ್ಥನೆ ಹತ್ತು ನಿಮಿಷ ಮೀರದಿರಲಿ: ಒಂದು ಹಾಡು, ಹತ್ತು ವಚನ, ಇಬ್ಬರ ಚಿಕ್ಕ ಪ್ರಾರ್ಥನೆ. ಅದನ್ನು ಊಟಕ್ಕೆ ಮುಂಚೆ ಇಡಿ. ಊಟವಾದ ಮೇಲೆ ಮಕ್ಕಳು ತೂಕಡಿಸುತ್ತಾರೆ, ಅಪ್ಪ ಅವರಿಗಿಂತ ಮೊದಲು.